ಕಮಾನಿಗೆ ಹಚ್ಚಿದ ಎಣ್ಣೆ

ನಮ್ಮ ಭಾವನಷ್ಟು ಪುಕ್ಕಲು ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನನ್ನ ಕೈಗೆ ತುರುಕಿ, "ನೀನೇ ಮಾತಾಡಮ್ಮ" ಎನ್ನುತ್ತಾರೆ. ಆದರೆ ಕೆಟ್ಟುನಿಂತ ಹೊಲಿಗೆ ಮೆಷಿನ್ನಿನ ಮುಂದೆ ಕೂತರೆ ಅವರೇ ರಾಜ. ಮೆಷಿನ್ ರಿಪೇರಿ ಅವರ ಕಸುಬು. ಒಳಗೆಲ್ಲೋ ಕಿರ್ರೆಂದರೆ ಎಲ್ಲಿ ಒಣಗಿದೆ ಎಂದು ಕಿವಿಯಲ್ಲೇ ಹಿಡಿದು, ಉದ್ದ ಮೂಗಿನ ಡಬ್ಬಿಯಿಂದ ಒಂದು ತೊಟ್ಟು ಎಣ್ಣೆ ಬಿಡುತ್ತಾರೆ. ಮನೆಯ ಬಾಗಿಲು, ಫ್ಯಾನು, ಟ್ರಂಕಿನ ಮುಚ್ಚಳ, ಯಾವುದೂ ಸದ್ದು ಮಾಡುವಂತಿಲ್ಲ. ಯಾರಿಗೂ ಬೆಣ್ಣೆ ಹಚ್ಚಲು ಬಾರದ ಈ ಮನುಷ್ಯ ಸಿಕ್ಕಿದ್ದಕ್ಕೆಲ್ಲ ಎಣ್ಣೆ ಹಚ್ಚುತ್ತಾರೆ ಎಂದು ನಾನೂ ಅಕ್ಕನೂ ಅವರ ಎದುರಿಗೇ ಆಡಿಕೊಳ್ಳುತ್ತಿದ್ದೆವು.

ಅಂಥ ಮನೆಗೆ ಪಿಟೀಲು ಬಂತು. ಮಗಳು ಗುಬ್ಬಿಗೆ ಒಂಬತ್ತು ವರ್ಷ. ಅವಳೂ ಅಪ್ಪನಂತೆಯೇ, ತರಗತಿಯಲ್ಲಿ ಹಾಜರಿ ಹೇಳಲೂ ಬಾಯಿ ಬರುವುದಿಲ್ಲ. ಪಕ್ಕದ ಬೀದಿಯ ಸಂಗೀತದ ಟೀಚರ್ ಮನೆಯ ಗೇಟಿನಲ್ಲಿ ನಿಂತು ಕೇಳುತ್ತಿದ್ದವಳು ಒಂದು ದಿನ ತಾನಾಗಿಯೇ, "ನಂಗೂ ಕಲೀಬೇಕು" ಎಂದಳು. ಅವಳು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಟೀಚರ್ ತಮ್ಮ ಹತ್ತಿರವಿದ್ದ ಪುಟ್ಟ ಪಿಟೀಲನ್ನು ಎರವಲು ಕೊಟ್ಟರು.

ಕಲಿಯುವವರ ಪಿಟೀಲು ಕೇಳಿದವರಿಗೇ ಗೊತ್ತು, ಬಾಗಿಲಿಗೆ ಬೆಕ್ಕಿನ ಬಾಲ ಸಿಕ್ಕಂತಿರುತ್ತದೆ. "ಅಪ್ಪ ಬಾಯೇ ಬಿಡಲ್ಲ, ಮಗಳು ನೋಡಿದ್ರೆ ದಿನಾ ಪಿಟೀಲು ಕುಯ್ತಾಳೆ" ಎಂದು ಪಕ್ಕದ ಮನೆಯಾಕೆ ನಕ್ಕಳು. ತಲೆ ತಿನ್ನುವ ಮಾತುಗಾರರಿಗೆ ಹೇಳುವ ಮಾತದು, ನನಗೂ ನಗು ಬಂತು. ಭಾವನಿಗೆ ಬರಲಿಲ್ಲ. ಈ ಮಾತು ಮಗುವಿನ ಕಿವಿಗೆ ಬಿದ್ದರೆ ಅವಳು ಮತ್ತೆ ಬಾಯಿ ಮುಚ್ಚಿಕೊಂಡುಬಿಡುತ್ತಾಳೆ ಎಂಬುದೇ ಅವರ ಭಯ. ಅಂದಿನಿಂದ ಕಿಟಕಿ ಮುಚ್ಚಿ ಅವಳ ಪಕ್ಕದಲ್ಲೇ ಕೂರತೊಡಗಿದರು. ಪ್ರತಿ ಕಿರ್ರಿಗೂ ಹಲ್ಲು ಕಚ್ಚಿಕೊಂಡು, ಮುಗಿದ ಮೇಲೆ "ಚೆನ್ನಾಗಿದೆ, ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದರು.

ಹೀಗಿರುವಾಗ ಟೀಚರ್ ಹೇಳಿ ಕಳಿಸಿದರು: "ಶನಿವಾರ ಕೇಳ್ತೀನಿ. ಅವಳಿಗೆ ಬರೋ ಹಾಗಿದ್ರೆ ಮುಂದಕ್ಕೆ ಹೇಳಿಕೊಡ್ತೀನಿ. ಇಲ್ಲಾಂದ್ರೆ ಪಿಟೀಲು ವಾಪಸ್ ಕೊಡಿ, ಇನ್ನೊಂದು ಮಗು ಕಾಯ್ತಾ ಇದೆ."

ಭಾವನಿಗೆ ಊಟ ಸೇರಲಿಲ್ಲ. ಶುಕ್ರವಾರ ಗುಬ್ಬಿ ಶಾಲೆಗೆ ಹೋದ ಮೇಲೆ ಪಿಟೀಲಿನ ಪೆಟ್ಟಿಗೆ ತೆರೆದು ಕಮಾನನ್ನು ಬೆಳಕಿಗೆ ಹಿಡಿದರು. ಕಮಾನಿನ ಕೂದಲಿಗೆ ಬಿಳಿ ಪುಡಿ ಹತ್ತಿತ್ತು. "ನೋಡಮ್ಮ, ಒಣಗಿ ಪುಡಿಪುಡಿಯಾಗ್ತಿದೆ. ಮಗು ತಾನೇ ಏನು ಮಾಡುತ್ತೆ ಪಾಪ" ಎಂದರು. ಪುಡಿಯನ್ನು ಬಟ್ಟೆಯಿಂದ ಒರೆಸಿ, ಉದ್ದಕ್ಕೂ ತೆಳ್ಳಗೆ ಮೆಷಿನ್ ಎಣ್ಣೆ ಸವರಿದರು.

ಸಂಜೆ ಗುಬ್ಬಿ ಕಮಾನು ಎಳೆದಳು. ಸದ್ದೇ ಇಲ್ಲ. ಒತ್ತಿ ಎಳೆದಳು. ಕಮಾನು ತಂತಿಯ ಮೇಲೆ ಜಾರಿತೇ ಹೊರತು ಸ್ವರ ಏಳಲಿಲ್ಲ. ಕಮಾನು ಕೆಳಗಿಟ್ಟು ತನ್ನ ಬಲಗೈಯನ್ನೇ ದಿಟ್ಟಿಸಿದಳು.

"ಅಪ್ಪಾ, ನನ್ನ ಕೈಗೆ ಏನೋ ಆಗಿದೆ."

ಭಾವನಿಗೆ ಆ ಕ್ಷಣವೇ ಹೊಳೆಯಿತು. ಎದ್ದು ಅಡುಗೆಮನೆಗೆ ಹೋದರು. ನಾನು ಬೆನ್ನುಹತ್ತಿ ಹೋದೆ.

"ಹೇಳಿ ಭಾವ, ಕೈ ಸರಿಯಾಗಿದೆ ಅಂತ ಹೇಳಿ."

"ಹೇಳಿದ್ರೆ ಇನ್ಯಾವತ್ತೂ ನನ್ನ ಮುಂದೆ ನುಡಿಸಲ್ಲ ಕಣಮ್ಮ. ಬೆಳಿಗ್ಗೆ ನಾನೊಬ್ಬನೇ ಹೋಗಿ ಟೀಚರ್ ಕಾಲು ಹಿಡೀತೀನಿ. ಇವಳಿಗೆ ಗೊತ್ತಾಗೋದು ಬೇಡ."

ನನಗೆ ಮೈ ಉರಿದುಹೋಯಿತು. "ಅಲ್ಲೀತನಕ ಮಗು ತನ್ನ ಕೈ ಹೋಯ್ತು ಅಂದ್ಕೊಂಡೇ ಇರ್ಬೇಕಾ?"

ಹೊರಗೆ ಗುಬ್ಬಿ ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಅದನ್ನು ಕಂಡ ಮೇಲೆ ಭಾವನಿಂದ ತಡೆಯಲಾಗಲಿಲ್ಲ. ಹೋಗಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಕೈಗೆ ಏನೂ ಆಗಿಲ್ಲ ಕಂದ. ನಾನೇ ಕಮಾನಿಗೆ ಎಣ್ಣೆ ಹಚ್ಚಿಬಿಟ್ಟೆ."

"ಯಾಕೆ?"

"ಕಿರ್ರ್ ಅಂತಿತ್ತಲ್ಲ..." ಎಂದವರು ನಾಲಿಗೆ ಕಚ್ಚಿಕೊಂಡರು. ಮಾತು ಆಡಿಯಾಗಿತ್ತು.

ಗುಬ್ಬಿ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. "ಮತ್ತೆ ದಿನಾ ಚೆನ್ನಾಗಿದೆ ಅಂತಿದ್ದೆ?" ಎಂದಳು. ಕಮಾನನ್ನು ಪೆಟ್ಟಿಗೆಗಿಟ್ಟು, ಮುಚ್ಚಳ ಹಾಕಿ ಒಳಗೆ ಹೋದಳು.

ಶನಿವಾರ ಅಪ್ಪ, ಮಗಳು, ನಾನು ಮೂವರೂ ಹೋದೆವು. ಟೀಚರ್ ಮುಂದೆ ಭಾವ ತೊದಲುತ್ತಾ ಎಲ್ಲವನ್ನೂ ಒಪ್ಪಿಕೊಂಡರು. ಟೀಚರ್ ಕಮಾನನ್ನು ಮೂಸಿ ನೋಡಿ ಹಣೆ ಚಚ್ಚಿಕೊಂಡರು.

"ಅದು ರಾಳದ ಪುಡಿ ರೀ, ನಾವೇ ಉಜ್ಜೋದು. ಕೂದಲು ತಂತೀನ ಹಿಡಿದು ಜಗ್ಗಿದ್ರೇನೇ ಸ್ವರ. ಜಾರಿದ್ರೆ ಎಲ್ಲಿಂದ ಬರುತ್ತೆ?" ಎಂದು ಗದರಿ, ಗುಬ್ಬಿಗೆ ಬೇರೊಂದು ಕಮಾನು ಕೊಟ್ಟರು. "ನೀವು ಹೊರಗೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿದ್ರೇನೇ ಮಗು ಹೆದರುತ್ತೆ."

ಭಾವ ತಪ್ಪು ಮಾಡಿದ ಹುಡುಗನ ಹಾಗೆ ಎದ್ದರು.

"ಅಪ್ಪ ಇಲ್ಲೇ ಇರ್ಲಿ" ಎಂದಳು ಗುಬ್ಬಿ. ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದು. ಆಮೇಲೆ ಅಪ್ಪನ ಕಡೆ ತಿರುಗಿ, "ಆದ್ರೆ ನಿಜ ಹೇಳ್ಬೇಕು" ಎಂದಳು.

ಕಮಾನು ಎಳೆದಳು. ಮೊದಲ ಸ್ವರ ನಿಂತಿತು. ಎರಡನೆಯದು ಕಿರ್ರೆಂದು ಸೀಳಿತು. ಗುಬ್ಬಿ ನಿಲ್ಲಿಸಿ ಅಪ್ಪನನ್ನು ನೋಡಿದಳು. ಇನ್ನು ಆ ಪುಕ್ಕಲನ ಪಾಡೇನೋ ಎಂದುಕೊಂಡೆ.

"ಎರಡನೇದು ಕಿರ್ರ್ ಅಂತು ಮಗಳೇ" ಎಂದರು ಭಾವ, ಬೆವರು ಒರೆಸಿಕೊಳ್ಳುತ್ತಾ. "ಇನ್ನೊಂದ್ಸಲ ಎಳಿ. ನಾನು ಕೂತಿರ್ತೀನಿ."

ಎಳೆದಳು. ಮತ್ತೆ ಕಿರ್ರೆಂದಿತು. ಅವರು ಮತ್ತೆ ಹೇಳಿದರು, ಅವಳು ಮತ್ತೆ ಎಳೆದಳು. ಎಷ್ಟನೆಯ ಸಲವೋ, ಸ್ವರ ಒಡೆಯದೆ ನಿಂತಿತು.

ಟೀಚರ್ ಪಿಟೀಲಿನ ಪೆಟ್ಟಿಗೆಯನ್ನು ನಮ್ಮ ಕಡೆಗೆ ಸರಿಸಿದರು. "ಮುಂದಿನ ವಾರ ಇಬ್ಬರೂ ಬನ್ನಿ."

ಪೆಟ್ಟಿಗೆಯನ್ನು ಮುಟ್ಟಲು ಭಾವನಿಗೆ ಧೈರ್ಯ ಬರಲಿಲ್ಲ. ಗುಬ್ಬಿಯೇ ಎತ್ತಿ ಅವರ ಕೈಗಿಟ್ಟಳು.