ಎಡಗಡೆಯ ಪೆಡಲು

ಸಹಾಯ ಮಾಡಲು ಬರುವವರನ್ನು ಕಂಡರೆ ನನಗೆ ಹೆದರಿಕೆ. ಹೀಗೆ ಬರೆದದ್ದು ಗೊತ್ತಾದರೆ ನಮ್ಮ ಕಲಬುರ್ಗಿಯ ಜನ ನೊಂದುಕೊಂಡಾರು. ನೊಂದುಕೊಂಡು, ನನ್ನ ಹೆದರಿಕೆ ಬಿಡಿಸಲು ನಾಲ್ಕು ಜನ ಸಹಾಯಕ್ಕೂ ಬಂದಾರು. ಈ ಊರಿನಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ, ಗೊತ್ತಿಲ್ಲವೆಂಬ ಮಾತು ಬರುವುದಿಲ್ಲ. ಗೊತ್ತಿದ್ದವನು ಕೈ ತೋರಿಸಿ ಸುಮ್ಮನಾಗುತ್ತಾನೆ. ಗೊತ್ತಿಲ್ಲದವನು ಮಾತ್ರ ಜೊತೆಗೇ ನಡೆದು ಬಂದು, ಕೋಟೆಯನ್ನು ಎರಡು ಸುತ್ತು ಸುತ್ತಿಸಿ, ನಿಮ್ಮ ಕುಲಗೋತ್ರವನ್ನೆಲ್ಲ ವಿಚಾರಿಸಿ, ನೀವು ಹೊರಟ ಜಾಗಕ್ಕೇ ತಂದು ಬಿಡುತ್ತಾನೆ. ಇಷ್ಟು ಒಳ್ಳೆಯ ಜನರ ನಡುವೆ ನನ್ನ ಸೈಕಲ್ಲಿನ ಎಡಗಡೆಯ ಪೆಡಲು ಮುರಿಯಿತು.

ಆಗ ನಾನು ಇಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಉರ್ದುವಿನಲ್ಲಿ ವಿನಯ ತೋರಿಸಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಬೈದುಕೊಳ್ಳುವುದು ನನ್ನ ದಿನಚರಿ. ಊರಿನ ಸೈಕಲ್ಲುಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು, ಅದರಲ್ಲಿ ಒಂದು ಬೆರಳು ನನ್ನದು. ವರ್ಗವಾಗಿ ಹೊರಟಿದ್ದ ರೈಲ್ವೆ ಗಾರ್ಡನೊಬ್ಬನಿಂದ ಕೊಂಡದ್ದು. ಕೊಡುವಾಗ ಆತ ತಿರುಪು ಬಿಚ್ಚುವ ಒಂದು ಪಾನಾವನ್ನೂ ಒಂದು ಹೊಸ ಪೆಡಲನ್ನೂ ನನ್ನ ಕೈಗಿಟ್ಟು ನಕ್ಕಿದ್ದ. ಪೆಡಲು ಎಡಗಡೆಯದು ಮಾತ್ರ. ಎಡಗಡೆಯದೇ ಏಕೆ ಎಂದು ಬುದ್ಧಿ ಇದ್ದವರು ಕೇಳುತ್ತಿದ್ದರು. ನಾನು ಸಲಾಮು ಹೇಳಿ ಮನೆಗೆ ತಂದೆ.

ಅದೇ ಕಾಲಕ್ಕೆ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರೂರು ಕಮಲಾಪುರಕ್ಕೆ ಹೋಗಿದ್ದಳು. ಹೆಣ್ಣು ಹುಟ್ಟಿತು. ಹದಿಮೂರನೆಯ ದಿನ ಶುಕ್ರವಾರ ಬಿತ್ತು. ಅಂದು ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದೆಂದು ನಿಶ್ಚಯವಾಯಿತು. ನಿಜಾಮ ಸರ್ಕಾರದಲ್ಲಿ ವಾರದ ರಜೆ ಶುಕ್ರವಾರವೇ ಆದ್ದರಿಂದ ಮೇಲಿನವರೆಲ್ಲ ಸೇರಿ ನನಗೆ ಅನುಕೂಲ ಮಾಡಿಕೊಟ್ಟಂತಾಯಿತು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ನನ್ನ ಅಕ್ಕ. ಮಾವನವರು ಬುಧವಾರವೇ ಚಕ್ಕಡಿ ಕಳಿಸಿ ಅವಳನ್ನು ಕರೆಸಿಕೊಂಡರು. ನನಗೂ ಅದರಲ್ಲೇ ಬರಬೇಕೆಂದು ಹೇಳಿಕಳಿಸಿದ್ದರು. ಸೈಕಲ್ಲಿನ ಯಜಮಾನ ಎತ್ತಿನ ಬಾಲ ನೋಡುತ್ತ ಇಪ್ಪತ್ತು ಮೈಲಿಗೂ ಮೇಲೆ ಹೋಗುವುದುಂಟೆ? ಶುಕ್ರವಾರ ಮುಂಜಾನೆ ಹೊರಟು ಮೂರು ತಾಸಿನಲ್ಲಿ ಅಲ್ಲಿರುತ್ತೇನೆ ಎಂದು ಠೀವಿಯಿಂದ ಉತ್ತರ ಕೊಟ್ಟೆ.

ಕೂಸಿಗೆ ಹೆಸರನ್ನು ನಾನಾಗಲೇ ಆರಿಸಿಟ್ಟಿದ್ದೆ: ಹೇಮಾಂಗಿನಿ. ಹತ್ತು ದಿನ ಕಾದಂಬರಿಗಳನ್ನು ಓದಿ ಓದಿ, ನಾಯಕಿಯರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಕೊನೆಗೆ ಕ್ಷಯರೋಗದಿಂದ ಸಾಯದವಳೊಬ್ಬಳನ್ನು ಹುಡುಕಿ ತೆಗೆದ ಹೆಸರು. ಇದನ್ನು ಅಕ್ಕನಿಗೂ ಹೇಳಿರಲಿಲ್ಲ. ಹೇಳಿದ್ದರೆ ಮಾವನವರ ಕಿವಿಗೆ ಬೀಳುತ್ತಿತ್ತು, ಅವರು ತಮ್ಮ ಅಜ್ಜಿ ನೀಲಗಂಗಮ್ಮನ ಹೆಸರನ್ನು ಮುಂದೆ ಮಾಡಿ ಊರನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. ಆದ್ದರಿಂದ ತೊಟ್ಟಿಲಿನ ಹೊತ್ತಿಗೆ ಸೈಕಲ್ಲಿನಿಂದ ಇಳಿಯುವುದು, ಗಂಟೆ ಬಾರಿಸುವುದು, ಅಕ್ಕನ ಕಿವಿಯಲ್ಲಿ ‘ಹೇಮಾಂಗಿನಿ’ ಎನ್ನುವುದು, ಅವಳು ಅದನ್ನು ಕೂಸಿನ ಕಿವಿಗೆ ದಾಟಿಸುವುದು, ಮಾವನವರು ಬಾಯಿ ತೆರೆದು ನಿಲ್ಲುವುದು ಎಂದು ಯೋಜನೆ. ಹೊತ್ತಿಗೆ ಸರಿಯಾಗಿ ನಾನು ಅಲ್ಲಿ ಇರಬೇಕು, ಅಷ್ಟೆ. ಇಲ್ಲದಿದ್ದರೆ ನನ್ನ ಮಗಳು ಜೀವಮಾನವಿಡೀ ನೀಲಗಂಗಮ್ಮ.

ಚಕ್ಕಡಿ ಹೋದ ಬುಧವಾರ ಸಂಜೆಯೇ ಅನಾಹುತವಾಯಿತು. ಕಚೇರಿಯಿಂದ ಬರುತ್ತಿದ್ದೆ. ಎದುರಿಗೆ ಟಾಂಗಾದಲ್ಲಿ ನಮ್ಮ ದೊಡ್ಡ ಸಾಹೇಬರು. ಮೇಲಧಿಕಾರಿ ಕಂಡಾಗ ಸೈಕಲ್ಲಿನ ಮೇಲೆ ಕುಳಿತೇ ಇರುವುದು ರಾಜದ್ರೋಹಕ್ಕೆ ತಮ್ಮನಾದ ಅಪರಾಧ. ಇಳಿಯಬೇಕು, ಬಾಗಬೇಕು, ಕೈ ಹಣೆಗೆ ತಾಗಬೇಕು. ಗಾಬರಿಯಲ್ಲಿ ನಾನು ಮೂರನ್ನೂ ಒಟ್ಟಿಗೆ ಮಾಡಿದೆ. ಸೈಕಲ್ಲು ಎಡಕ್ಕೆ ಉರುಳಿ, ಪೆಡಲು ರಸ್ತೆಬದಿಯ ಕಲ್ಲಿಗೆ ಬಡಿದು ಜಜ್ಜಿ ಮುರಿಯಿತು. ನಾನು ಅದರ ಮುಂದೆ ಮೂಗು ನೆಲಕ್ಕೆ ತಾಗುವಂತೆ ಬಿದ್ದೆ. ಅಷ್ಟು ಆಳವಾದ ಸಲಾಮನ್ನು ಸಾಹೇಬರು ಹೈದರಾಬಾದಿನಲ್ಲೂ ನೋಡಿರಲಿಲ್ಲವೆಂದು ಕಾಣುತ್ತದೆ, ಬಹಳ ಪ್ರಸನ್ನರಾಗಿ ತಲೆಯಾಡಿಸಿ ಮುಂದೆ ಹೋದರು.

ಹೊಸ ಪೆಡಲು ಮನೆಯಲ್ಲೇ ಇದೆ, ಪಾನಾ ಇದೆ, ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿದರಾಯಿತು ಎಂದುಕೊಂಡೆ. ಲೋಕದ ತಿರುಪುಗಳೆಲ್ಲ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಇದನ್ನೂ ಎಡಕ್ಕೆ ತಿರುಗಿಸಿದೆ. ಬಿಚ್ಚಲಿಲ್ಲ. ಜೋರಾಗಿ ತಿರುಗಿಸಿದೆ. ನನ್ನ ಅಂಗೈ ಸುಲಿಯಿತು.

ಮಾರನೆಯ ದಿನ ಕಚೇರಿಗೆ ಜ್ವರವೆಂದು ಹೇಳಿಕಳಿಸಿ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದೆ. ತಲೆಕೆಳಗಾದ ಸೈಕಲ್ಲು ಕಲಬುರ್ಗಿಯಲ್ಲಿ ಡಂಗುರ ಹೊಡೆಸಿದ ಹಾಗೆ. ಮೊದಲು ಬಂದವರು ಪಕ್ಕದ ಮನೆಯ ಮುನ್ಶಿ ಸಾಹೇಬರು, ನಲವತ್ತು ವರ್ಷ ಸರ್ಕಾರಿ ಕಾಗದ ಬರೆದು ನಿವೃತ್ತರಾದವರು. ಅವರು ಪೆಡಲನ್ನು ಕನ್ನಡಕದ ಮೇಲಿನಿಂದ ನೋಡಿ, “ಜೋರ್ ಸೆ ನೈ ಮಿಯಾ, ಹಿಕ್ಮತ್ ಸೆ” ಅಂದರು. ಬಲ ಬೇಡ, ಉಪಾಯ ಬೇಕು. ಉಪಾಯವೇನೆಂದರೆ ಸೀಮೆಎಣ್ಣೆ ಹಾಕಿ, ಒಂದು ತಾಸು ಬಿಟ್ಟು, ಮತ್ತೆ ಎಡಕ್ಕೆ ತಿರುಗಿಸುವುದು. ಆ ಒಂದು ತಾಸಿನಲ್ಲಿ ಅವರು ತಮ್ಮ ಕಾಲದ ಸಾಹೇಬರುಗಳ ಗುಣಗಾನ ಮಾಡಿದರು. ಎಣ್ಣೆಯೂ ಗುಣಗಾನವೂ ಪೆಡಲಿನ ಮೇಲೆ ಏನೂ ಪರಿಣಾಮ ಮಾಡಲಿಲ್ಲ.

ಆಮೇಲೆ ಬಂದವನು ಕಮ್ಮಾರ ಮಾನಪ್ಪ. ಅವನನ್ನು ಯಾರು ಕರೆದರೋ ಇಂದಿಗೂ ತಿಳಿಯದು. “ಇದು ಜಂಗ್ ಹಿಡದದ್ರೀ, ಬೆಂಕಿ ತೋರಸಬೇಕು” ಎಂದು ಇದ್ದಿಲು ಹೊತ್ತಿಸಿ ಕಾಯಿಸಿದ. ಮೈಗೆಲ್ಲ ಸೀಮೆಎಣ್ಣೆ ಕುಡಿದಿದ್ದ ಸೈಕಲ್ಲು ಒಂದು ಕ್ಷಣ ಭಗ್ಗೆಂದು ಉರಿದು, ಬಣ್ಣ ಕಳೆದುಕೊಂಡು ಆರಿತು. ಮಾನಪ್ಪ ಎದೆಗುಂದದೆ ಪಾನಾ ಸಿಕ್ಕಿಸಿ, ಸುತ್ತಿಗೆಯಿಂದ ಎಡಕ್ಕೆ ಐವತ್ತು ಪೆಟ್ಟು ಕೊಟ್ಟ. ಪ್ರತಿ ಪೆಟ್ಟಿಗೂ “ಬಂತು ನೋಡ್ರಿ, ಬಂತು” ಅನ್ನುತ್ತಿದ್ದ.

ಇಳಿಹೊತ್ತಿಗೆ ತಾಲೀಮಿನ ಉಸ್ತಾದರೇ ದಯಮಾಡಿಸಿದರು. ಊರಿನ ಪೈಲವಾನರಿಗೆಲ್ಲ ಗುರು. ದಿನಾ ಬೆಳಿಗ್ಗೆ ನಾವು ಹಾಸಿಗೆಯಲ್ಲಿ ಹೊರಳುವ ಹೊತ್ತಿಗೆ ಐನೂರು ಬೈಠಕು ಹೊಡೆದು ಮುಗಿಸುವವರು. “ಫಿಕರ್ ಮಾಡಬ್ಯಾಡ್ರಿ ಸಾಬ್, ಎರಡು ಮಿನಿಟಿನ ಕೆಲಸ ಅದ” ಎಂದು ಪಾನಾದ ತುದಿಗೆ ಒಂದು ಗಜದ ಕಬ್ಬಿಣದ ಕೊಳವೆ ತೂರಿಸಿದರು. ಬಿಸ್ಮಿಲ್ಲಾ ಹೇಳಿ ಎಡಕ್ಕೆ ಒತ್ತಿದರು. ಪೆಡಲು ಕಿರುಗುಟ್ಟಿ ಕಾಲು ಸುತ್ತು ಹೊರಳಿತು! ನೆರೆದವರೆಲ್ಲ ಶಹಬ್ಬಾಸ್ ಅಂದರು, ಮುನ್ಶಿ ಸಾಹೇಬರು ಉಸ್ತಾದರ ಬೆನ್ನು ತಟ್ಟಿದರು, ನಾನು ಎಲ್ಲರಿಗೂ ಚಹಾ ಹೇಳಿದೆ. ಚಹಾ ಕುಡಿದು ನೋಡಿದರೆ ಪೆಡಲು ಇನ್ನೂ ಅಲ್ಲೇ ಇದೆ, ಮೊದಲಿಗಿಂತ ಬಿಗಿಯಾಗಿ. ಈಗ ಉಸ್ತಾದರಿಗೂ ಅಲುಗದು. ಎಲ್ಲರೂ ನನಗೆ ಧೈರ್ಯ ಹೇಳಿ, ಬಹಳ ದೊಡ್ಡ ಉಪಕಾರ ಮಾಡಿದ ಮುಖದಲ್ಲಿ ಮನೆಗೆ ಹೋದರು.

ಶುಕ್ರವಾರ ನಸುಕಿನಲ್ಲಿ, ಮುರಿದ ಪೆಡಲಿನ ಸಮೇತ ಹೊರಟೆ. ಹೊಸ ಪೆಡಲು, ಪಾನಾ, ಉಸ್ತಾದರ ಕೊಳವೆ ಹಿಂದೆ ಕಟ್ಟಿಕೊಂಡಿದ್ದೆ. ಬಲಗಾಲಿನಿಂದ ಒತ್ತುವುದು, ಎಡಗಾಲನ್ನು ಗಾಳಿಯಲ್ಲಿ ತೂಗಾಡಿಸುವುದು. ಇಳಿಜಾರಿನಲ್ಲಿ ಇದು ನಡೆಯುತ್ತದೆ. ಏರು ಬಂದರೆ ಇಳಿದು ತಳ್ಳಬೇಕು, ಮತ್ತು ಕಮಲಾಪುರದ ದಾರಿಯಲ್ಲಿ ಇಳಿಜಾರುಗಳು ಬರುವಾಗ ಮಾತ್ರ ಇರುತ್ತವೆ, ಹೋಗುವಾಗ ಇರುವುದಿಲ್ಲ. ಮಹಾಗಾಂವದ ಹತ್ತಿರ ಒಂದು ಚಕ್ಕಡಿ ನನ್ನನ್ನು ಹಿಂದೆ ಹಾಕಿ ಹೋಯಿತು. ಅದರಲ್ಲಿದ್ದ ಮುದುಕಿಯೊಬ್ಬಳು ಕನಿಕರಪಟ್ಟು, “ಯಪ್ಪಾ, ಆ ಕಾಲು ಹುಟ್ಟಿದಾಗಿಂದ ಹಿಂಗೇ ಏನು?” ಎಂದು ಕೇಳಿದಳು. ಹೌದೆಂದೆ.

ಹೊತ್ತು ನೆತ್ತಿಗೆ ಬಂತು, ಜಾರಿತು. ಎಲ್ಲೋ ಒಂದು ಕಡೆ ನೆರಳಿನಲ್ಲಿ ಕುಳಿತು ಲೆಕ್ಕ ಹಾಕಿದೆ: ಈಗ ಕೂಸಿಗೆ ಎಣ್ಣೆನೀರು ಆಗಿರಬೇಕು, ಈಗ ತೊಟ್ಟಿಲಿಗೆ ಹಾಕಿರಬೇಕು, ಈಗ ಅಕ್ಕ ಬಾಗಿಲ ಕಡೆ ನೋಡುತ್ತಿರಬೇಕು. ನಿಜವಾಗಿಯೂ ಅಳು ಬಂತು. ಹೇಮಾಂಗಿನಿ ದೂರವಾಗುತ್ತಿದ್ದಳು.

ಮಾವನವರ ಮನೆ ಮುಟ್ಟಿದಾಗ ಊಟ ಮುಗಿದು, ನೆಂಟರು ಬಾಳೆಹಣ್ಣು ಸುಲಿಯುತ್ತ ಅಂಗಳದಲ್ಲಿ ಕುಳಿತಿದ್ದರು. ಕಮಲಾಪುರದ ಕೆಂಪು ಬಾಳೆ, ಮಾವನವರ ತೋಟದ್ದು. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ, ವಿಶೇಷವಾಗಿ ಕಾಲನ್ನು, ನೋಡಿದರು.

“ಬರ್ರಿ ಅಳಿಯಾರ. ಮೂರು ತಾಸು ಆತೇನ್ರಿ?”

ನಾನು ಪೆಡಲು ತೋರಿಸಿ, ನಡೆದದ್ದನ್ನೆಲ್ಲ ಒದರಿದೆ. ಒಳಗೆ ಹೋಗಿ ಹೆಸರು ಕೇಳುವ ಧೈರ್ಯವಿಲ್ಲದೆ ಕಥೆಯನ್ನು ಬೇಕಂತಲೇ ಬೆಳೆಸಿದೆ ಎಂದರೂ ಸರಿಯೆ. ಮಾವನವರು ಕೇಳುತ್ತ ಕೇಳುತ್ತ ಪಾನಾಕ್ಕೆ ಕೊಳವೆ ಸಿಕ್ಕಿಸಿ, ಬಲಕ್ಕೆ ಒತ್ತತೊಡಗಿದರು.

“ಆ ಕಡಿ ಅಲ್ರೀ ಮಾವಾರ, ಎಡಕ್ಕ!” ಎಂದು ಕೂಗಿದೆ.

“ಕೂಸಿನ ತೊಟ್ಟಿಲಾ ಕಟ್ಟಿದ ದಿನ, ನಮ್ಮ ಅಂಗಳದಾಗ ಏನ ತಿರುಗಿಸಿದ್ರೂ ಬಲಕ್ಕೇ ತಿರುಗಸ್ತೀವ್ರಿ. ಎಡಕ್ಕ ಸುತ್ತೋದು ಮಸಣದಾಗ” ಎಂದು ಅವರು ಮೈಭಾರ ಹಾಕಿದರು. ಕಟ್ಟೆಂದು ಸದ್ದಾಯಿತು. ಪೆಡಲು ಸಡಿಲವಾಗಿ, ನಾಲ್ಕೇ ಸುತ್ತು ತಿರುಗಿ ಅವರ ಅಂಗೈಯಲ್ಲಿ ಬಂದು ಬಿತ್ತು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ಬಾಳೆಹಣ್ಣು ಸುಲಿದರು.

ಎಡಗಡೆಯ ಪೆಡಲಿನ ತಿರುಪು ಉಳಿದವುಗಳಿಗೆ ವಿರುದ್ಧ. ತುಳಿಯುವಾಗ ತಾನಾಗಿ ಬಿಚ್ಚಿಹೋಗದಿರಲೆಂದು ವಿಲಾಯತಿಯವರು ಬೇಕೆಂದೇ ಹಾಗೆ ಮಾಡುತ್ತಾರಂತೆ. ಇದನ್ನು ಎಷ್ಟೋ ದಿನದ ಮೇಲೆ ಸೋಲಾಪುರದ ಒಬ್ಬ ಮಿಸ್ತ್ರಿ ಹೇಳಿದ. ಅಂದರೆ ಮುನ್ಶಿ, ಮಾನಪ್ಪ, ಉಸ್ತಾದ ಮೂವರೂ ಬೆವರು ಸುರಿಸಿ ಪೆಡಲನ್ನು ಬಿಗಿ ಮಾಡಿದ್ದರು, ನಾನು ಚಹಾ ಕೊಟ್ಟು ಬಿಗಿ ಮಾಡಿಸಿದ್ದೆ. ಹೊಸ ಪೆಡಲಿನ ತಿರುಪಿನ ಗೆರೆಗಳು ಎತ್ತ ವಾಲಿವೆ ಎಂದು ಒಮ್ಮೆ ನೋಡಿದ್ದರೂ ತಿಳಿಯುತ್ತಿತ್ತು. ನಾನು ಅದರ ಹೊಳಪನ್ನು ಮಾತ್ರ ನೋಡಿದ್ದೆ. ಇನ್ನೂ ನಾಚಿಕೆಯೆಂದರೆ, ಹಗಲು ಬಲದಿಂದ ಎಡಕ್ಕೆ ಉರ್ದು ಬರೆದು, ಸಂಜೆ ಎಡದಿಂದ ಬಲಕ್ಕೆ ಕನ್ನಡ ಬರೆಯುವವನು ನಾನು. ಎರಡೂ ಕಡೆಗೆ ಲೋಕ ನಡೆಯುತ್ತದೆ ಎಂಬುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಆದರೂ ಒಂದು ತಿರುಪು ಇನ್ನೊಂದು ಕಡೆಗೆ ತಿರುಗಬಹುದೆಂದು ನನಗೆ ಹೊಳೆಯಲಿಲ್ಲ, ಅದು ಗೊತ್ತೇ ಇಲ್ಲದ ಮಾವನವರಿಗೆ ಒಲಿಯಿತು.

ಇನ್ನು ಹೊರಗೆ ನಿಲ್ಲಲು ನೆಪ ಉಳಿದಿರಲಿಲ್ಲ. ಕಾಲು ತೊಳೆದು ಒಳಗೆ ಹೋದೆ. ಅಕ್ಕ ತೊಟ್ಟಿಲು ತೂಗುತ್ತಿದ್ದಳು, ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದಳು. ನೀಲಗಂಗಮ್ಮನನ್ನು ಎದುರಿಸಲು ಮನಸ್ಸು ಗಟ್ಟಿ ಮಾಡಿಕೊಂಡು, ಏನು ಹೆಸರಿಟ್ಟಿರಿ ಎಂದು ಕೇಳಿದೆ.

“ಎಷ್ಟೊತ್ತು ದಾರಿ ನೋಡಬೇಕೋ ತಮ್ಮಾ?” ಎಂದಳು ಅಕ್ಕ. “ನೀ ಬರಲಿಲ್ಲ, ಹೆಸರಾದ್ರೂ ಹೇಳಿ ಕಳಸಲಿಲ್ಲ. ನಿಮ್ಮ ಮಾವಾರು ಒಂದು ಹೇಳಿದ್ರು, ಬಂದವರು ಹತ್ತು ಹೇಳಿದ್ರು. ನಾ ಯಾರ ಮಾತೂ ಕೇಳಲಿಲ್ಲ, ಕೂಸಿನ ಕಿವ್ಯಾಗ ಸಂಗಮ್ಮ ಅಂದೆ. ಮತ್ತ ಯಾರ ಹೆಸರು ಇಡಬೇಕಿತ್ತು, ಹೇಳು?”

ಸಂಗಮ್ಮ ನಮ್ಮ ಅವ್ವ. ಹಿಂದಿನ ವರ್ಷ ತೀರಿಕೊಂಡಿದ್ದಳು. ಹತ್ತು ದಿನ ಪುಸ್ತಕ ಹಿಡಿದು ಕುಳಿತ ನನಗೆ, ಕಾದಂಬರಿಗಳ ನಾಯಕಿಯರೆಲ್ಲ ನೆನಪಿಗೆ ಬಂದ ನನಗೆ, ಆ ಹೆಸರು ಒಂದು ಸಲವೂ ನೆನಪಾಗಿರಲಿಲ್ಲ. ಅಕ್ಕನಿಗೆ ಅಕ್ಷರ ಬಾರದು, ಅವಳು ಹುಡುಕಲೂ ಇಲ್ಲ. ನನಗೆ ಬಹಳ ನಾಚಿಕೆಯಾಯಿತು. ಹೇಮಾಂಗಿನಿಯ ಸುದ್ದಿ ಅಂದು ಎತ್ತಲಿಲ್ಲ, ಈ ಕಾಗದಕ್ಕಲ್ಲದೆ ಇಂದಿಗೂ ಯಾರಿಗೂ ಹೇಳಿಲ್ಲ.

ಅಷ್ಟರಲ್ಲಿ ಕೂಸು ಎಚ್ಚರಾಗಿ ಅಳತೊಡಗಿತು. ಹೆಂಡತಿ ಅದನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವುದುಂಟೆ? ಅವಳು ನನ್ನ ಮುಖ ನೋಡಿದಳು. ಹೆಸರಿಗಾಗಿ ಒಂಟಿಗಾಲಿನಲ್ಲಿ ಬಂದವನು ನಾನು, ನನಗಾದರೂ ಹೆತ್ತವ್ವನನ್ನು ಹೆಸರು ಹಿಡಿದು ಕೂಗುವ ಎದೆ ಎಲ್ಲಿಂದ ಬರಬೇಕು? ಕೂಸನ್ನು ಎತ್ತಿಕೊಂಡೆ.

“ಸುಮ್ಮನಿರು, ಅವ್ವಾ” ಎಂದೆ.

ಆ ಮಾತು ಬಾಯಿಗೆ ಬಂದು ಒಂದು ವರ್ಷವಾಗಿತ್ತು. ಕೂಸು ಸುಮ್ಮನಾಗಲಿಲ್ಲ. ನಮ್ಮವ್ವನೂ ನನ್ನ ಮಾತು ಕೇಳಿದವಳಲ್ಲ.