ಮಂಗಳವಾರದ ಸುಳ್ಳು ಡೌಟುಗಳು

ವಿಸ್ಕಾನ್ಸಿನ್ ರಾಜ್ಯದ ಸಣ್ಣ ಊರೊಂದರಲ್ಲಿ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಮನೆ ನಡೆಸುತ್ತಿದ್ದ ದಂಪತಿಯ ಮಗಳು ಗ್ರೆಟಾ ಟೊಲೆಫ್ಸನ್. ಎಂಬತ್ತರ ದಶಕದ ಕೊನೆಗೆ, ರಾಜ್ಯದ ವಿಶ್ವವಿದ್ಯಾಲಯದಲ್ಲಿ ಮೂರನೆಯ ವರ್ಷ ಓದುತ್ತಿದ್ದಾಗ, ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಲು ಅವರಿಗೆ ಅಂಕಗಳ ಕೊರತೆ ಇರಲಿಲ್ಲ; ಕೊರತೆ ಇದ್ದುದು ಶಿಫಾರಸು ಪತ್ರಕ್ಕೆ. ವಿಜ್ಞಾನದ ಇಬ್ಬರು ಅಧ್ಯಾಪಕರು ಬರೆಯದೆ ಅರ್ಜಿ ಪೂರ್ಣವಾಗುತ್ತಿರಲಿಲ್ಲ. ಜೀವಶಾಸ್ತ್ರದವರು ಒಪ್ಪಿದ್ದರು. ಉಳಿದವರು ರಸಾಯನಶಾಸ್ತ್ರದ ಪ್ರೊಫೆಸರ್ ಡಿಟ್‌ಮರ್. ಅವರು ಮುನ್ನೂರು ಮಂದಿಗೆ ಒಟ್ಟಿಗೆ ಪಾಠ ಮಾಡಿ, ಉತ್ತರಪತ್ರಿಕೆಗಳನ್ನು ಸಹಾಯಕರಿಗೆ ಒಪ್ಪಿಸುತ್ತಿದ್ದವರು.

ಕೋಣೆಯ ಗೆಳತಿ ಪೆಗ್ ಶರತ್ಕಾಲದಲ್ಲೇ ಎಚ್ಚರಿಸಿದ್ದಳು. “ಲೇ ಗ್ರೆಟಾ, ಆತ ನಿನ್ನ ಮುಖಾನೇ ನೋಡಿಲ್ಲ. ಏನಂತ ಬರೀತಾನೆ? ‘ಹಿಂದಿನ ಸಾಲಲ್ಲಿ ಏನೋ ಹಳದಿ ಕೂದಲು ಕಾಣ್ತಿತ್ತು’ ಅಂತಾನಾ? ಮಂಗಳವಾರ ಮಧ್ಯಾಹ್ನ ಬಾಗಿಲು ತೆಗೆದು ಕೂತಿರ್ತಾನಲ್ಲ, ಹೋಗಿ ಏನಾದ್ರೂ ಡೌಟು ಕೇಳು.”

“ನಂಗೆ ಡೌಟೇ ಇಲ್ವಲ್ಲೇ!”

“ಹುಟ್ಟಿಸ್ಕೋ.”

ಗ್ರೆಟಾ ಹುಟ್ಟಿಸಿಕೊಂಡರು. ಪ್ರತಿ ಸೋಮವಾರ ಕುಳಿತು ಮರುದಿನದ ಅಜ್ಞಾನವನ್ನು ಸಿದ್ಧಪಡಿಸುವರು. ಹುಬ್ಬು ಗಂಟಿಕ್ಕುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವರು. “ದಡ್ಡಿ ಥರ ಕೇಳೋಕೆ ಎಷ್ಟು ಓದಬೇಕು ಗೊತ್ತಾ? ಪರೀಕ್ಷೆಗೂ ಅಷ್ಟು ಓದಿರಲಿಲ್ಲ,” ಎಂದು ಈಗ ನನ್ನೆದುರು ಕೂತು ನಗುತ್ತಾರೆ. ಡಿಟ್‌ಮರ್ ತಮ್ಮ ಸೂಪಿನ ಬಟ್ಟಲನ್ನು ಬದಿಗೆ ಸರಿಸಿ, ಎಡಗೈ-ಬಲಗೈಗಳಂತೆ ಒಂದಕ್ಕೊಂದು ಕನ್ನಡಿಬಿಂಬವಾದ ಅಣುಗಳ ಚಿತ್ರವನ್ನು ಮತ್ತೆ ಮತ್ತೆ ಬರೆದು ತೋರಿಸುತ್ತಿದ್ದರು.

ಏಪ್ರಿಲ್‌ನಲ್ಲಿ, ಹೊರಗೆ ಹಿಮವಿನ್ನೂ ಕರಗದಿದ್ದಾಗ, ಗ್ರೆಟಾ ಪತ್ರ ಕೇಳಿದರು. ಪ್ರೊಫೆಸರ್ ಎದ್ದು ಬಾಗಿಲು ಮುಚ್ಚಿದರು.

“ಕೂತ್ಕೊಳ್ಳಮ್ಮ. ಬೇಜಾರು ಮಾಡ್ಕೋಬೇಡ. ಡಾಕ್ಟರ್ ಆಗೋದು ತುಂಬಾ ಕಷ್ಟದ ದಾರಿ. ತೋಟಗಾರಿಕೆ ಏನಾದ್ರೂ ಯೋಚಿಸಿದ್ದೀಯಾ?”

“ಸರ್, ಒಂದ್ಸಲ ನನ್ನ ಅಂಕ ನೋಡಿ.”

ಅವರು ನೋಡಿದರು. ತರಗತಿಗೇ ಮೊದಲು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಏನೂ ಬರದೆ ಇದ್ದ ಹುಡುಗಿ! ಇಷ್ಟು ವರ್ಷದ ನನ್ನ ಪಾಠ ಸಾರ್ಥಕ ಆಯ್ತು. ಬರೀತೀನಿ ಕಣಮ್ಮ! ‘ಇಂಗಾಲಕ್ಕೆ ಬಂಧ ಬೆಸೆಯೋಕೆ ಎಷ್ಟು ಕೈ ಅಂತಲೂ ಗೊತ್ತಿಲ್ಲದೆ ಈಕೆ ನನ್ನ ಬಳಿ ಬಂದಳು’ ಅಂತಲೇ ಶುರು ಮಾಡ್ತೀನಿ.”

ಇದಕ್ಕಿಂತ ಒಳ್ಳೆಯ ಪತ್ರ ಯಾರಿಗೂ ಸಿಗಲಾರದು. ಧನ್ಯವಾದ ಹೇಳಿ ಎದ್ದು ಬಂದಿದ್ದರೆ ಸಾಕಿತ್ತು. ಆದರೆ ಆ ವಾಕ್ಯ ಹನ್ನೆರಡು ಕಾಲೇಜುಗಳಿಗೆ ಹೋಗಲಿತ್ತು. “ಪ್ರಾಮಾಣಿಕತೆ ಅಂತ ಬರ್ಕೋಬೇಡಿ,” ಎಂದು ಗ್ರೆಟಾ ನನ್ನನ್ನು ತಡೆದರು. “ಶುದ್ಧ ಜಂಭ. ಹನ್ನೆರಡು ಕಡೆ ನನ್ನ ದಡ್ಡಿ ಅಂತ ಓದ್ತಾರಲ್ಲ, ಅದನ್ನ ತಡೆಯೋಕಾಗಲಿಲ್ಲ.”

“ಸರ್, ಇಂಗಾಲದ ವಿಷಯ ನಂಗೆ ಶಾಲೇಲೇ ಗೊತ್ತಿತ್ತು.”

“ಮತ್ತೆ ಆ ಎಡಗೈ ಬಲಗೈ ಅಣು?”

“ಅದೂ ಗೊತ್ತಿತ್ತು.”

“ತಿಂಗಳುಗಟ್ಟಲೆ ವಿವರಿಸಿದೆನಲ್ಲ!”

“ಚೆನ್ನಾಗಿ ವಿವರಿಸಿದ್ರಿ ಸರ್.”

ಡಿಟ್‌ಮರ್ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು. “ಹಾಗಾದ್ರೆ ನಿನ್ನ ಬಗ್ಗೆ ನಂಗೆ ಗೊತ್ತಿರೋದು ಒಂದೇ, ಚೆನ್ನಾಗಿ ನಾಟಕ ಆಡ್ತೀಯ ಅಂತ. ಅದನ್ನ ಬರೀಲಾ? ಮುಂದಿನ ಮಂಗಳವಾರ ಬಾ. ಈ ಕಡೆ ಕುರ್ಚೀಲಿ ಕೂರು. ನಿಜವಾದ ಡೌಟು ಇರೋರಿಗೆ ಹೇಳ್ಕೊಡು. ಆಮೇಲೆ ನೋಡೋಣ,” ಎಂದರು.

ಆ ಮಂಗಳವಾರ ಬಂದವಳು ಡೊರೀನ್ ಎಂಬ ಕಿರಿಯ ವಿದ್ಯಾರ್ಥಿನಿ. ಎಡ-ಬಲ ಅಣುಗಳು ಕನ್ನಡಿಯ ಬಿಂಬದಂತಿದ್ದರೂ ಒಂದೇ ಏಕಲ್ಲ ಎಂಬುದು ಅವಳ ತೊಡಕು. ಗ್ರೆಟಾ ಒಂದೇ ಉಸಿರಿನಲ್ಲಿ ಉತ್ತರಿಸಿದರು. ಅರ್ಥವಾಗಲಿಲ್ಲ. ಇನ್ನೂ ವೇಗವಾಗಿ ಅದನ್ನೇ ಹೇಳಿದರು. ಡೊರೀನ್ ಪುಸ್ತಕ ಎತ್ತಿಕೊಂಡಳು. “ಬಿಡಿ ಅಕ್ಕ, ನಂಗೇ ತಲೆ ಇಲ್ಲ.”

“ಆ ಮಾತನ್ನ ನಾನು ಎಷ್ಟು ಚೆಂದವಾಗಿ ಹೇಳ್ತಿದ್ದೆ! ಇವಳು ನಿಜವಾಗ್ಲೂ ನಂಬಿ ಹೇಳ್ತಿದ್ಲು,” ಎನ್ನುತ್ತಾರೆ ಗ್ರೆಟಾ.

ಗ್ರೆಟಾ ಅವಳ ಕೈ ಹಿಡಿದು ಕೂರಿಸಿದರು. ತಮ್ಮ ಉಣ್ಣೆಯ ಕೈಗವಸುಗಳನ್ನು ತೆಗೆದು, ಎಡದ್ದನ್ನು ಬಲಗೈಗೆ ಹಾಕಿ ತೋರಿಸಿದರು. ಬೆರಳುಗಳಿಲ್ಲದ ಚೀಲದಂಥ ಗವಸು, ಸಲೀಸಾಗಿ ಹಿಡಿಸಿತು.

“ಸರಿಯಾಗೇ ಇದೆಯಲ್ಲ?” ಎಂದಳು ಡೊರೀನ್, ಇನ್ನಷ್ಟು ಗೊಂದಲಗೊಂಡು.

ಗತ್ಯಂತರವಿಲ್ಲದೆ ಗ್ರೆಟಾ ಹಿಮದ ಬೂಟುಗಳನ್ನು ಬಿಚ್ಚಿ, ಅದಲುಬದಲು ಮಾಡಿ ಹಾಕಿಕೊಂಡು, ಕೋಣೆಯ ಉದ್ದಕ್ಕೂ ಬಾತುಕೋಳಿಯಂತೆ ನಡೆದರು. “ನೋಡು, ಅದೇ ಚರ್ಮ, ಅದೇ ಅಳತೆ. ಆದ್ರೂ ಕಾಲು ಒಪ್ಪುತ್ತಾ?” ಡೊರೀನ್ ನಕ್ಕಳು. ನಗುತ್ತಲೇ ಅರ್ಥಮಾಡಿಕೊಂಡಳು, ತಾನೇ ಚಿತ್ರ ಬರೆದು ವಿವರಿಸಿ ಹೋದಳು.

ಮೂಲೆಯಲ್ಲಿದ್ದ ಡಿಟ್‌ಮರ್ ಬಟ್ಟಲಿನಿಂದ ತಲೆಯೆತ್ತದೆಯೇ ಹೇಳಿದರು: “ಬೂಟು ಸರಿಯಾಗಿ ಹಾಕ್ಕೊಂಡು ಹೊರಡು. ನಾನು ಬರೀಬೇಕು.”

ಅರ್ಜಿದಾರರು ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಹಾಕುವುದು ಅಲ್ಲಿನ ವಾಡಿಕೆಯಾದ್ದರಿಂದ, ಅದರಲ್ಲೇನಿತ್ತೆಂದು ಗ್ರೆಟಾ ಎಂದೂ ಓದಲಿಲ್ಲ. ಹನ್ನೆರಡರಲ್ಲಿ ಒಂದೇ ಕಾಲೇಜು ಸಂದರ್ಶನಕ್ಕೆ ಕರೆದು, ಸೇರಿಸಿಕೊಂಡಿತು.

“ಅಲ್ಲಿ ಕೂತಿದ್ದ ಡಾಕ್ಟರು ಮೊದಲು ನನ್ನ ಮುಖ ನೋಡಲಿಲ್ಲ,” ಎನ್ನುತ್ತಾರೆ ಗ್ರೆಟಾ. “ಬಗ್ಗಿ ಕಾಲು ನೋಡಿದ್ರು.”