ಛತ್ರಿ ಮಾವ ಕಟ್ಟಿದ ಗಾಳದ ಕೋಲು

ಮೊನ್ನೆ ನಮ್ಮ ಓಣಿಯ ತುದಿಯಲ್ಲಿ ಹೊಸ ಮನೆಯ ಬಾಗಿಲಿಗೆ ಬಡಿಗರು ವಾರ್ನಿಷ್ ಬಳಿಯುತ್ತಿದ್ದರು. ಕಾಯಿಪಲ್ಲೆ ಚೀಲ ಹಿಡಿದು ಸಂತೆಗೆ ಹೊರಟಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಬಡಿಗರಲ್ಲೊಬ್ಬ, "ಅಮ್ಮಾರ, ಸರಿದು ನಿಂದರ್ರಿ, ಸೀರಿಗೆ ಹತ್ತತೈತಿ" ಅಂದ. ಸರಿದು ನಿಂತೆ, ಆದರೆ ಹೋಗಲಿಲ್ಲ. ಆ ವಾಸನೆಯೊಳಗೆ ಗಂಗಾವತಿಯ ಒಂದು ಸಣ್ಣ ಅಂಗಡಿ ಇತ್ತು. ಅದರೊಳಗೆ ಕಾಲು ಮಡಚಿ ಕೂತ ಒಬ್ಬ ಮುದುಕರೂ ಇದ್ದರು...

ನಮ್ಮ ಎದುರು ಮನೆಯವರು ಅವರು. ಮನೆಯ ಮುಂಭಾಗದಲ್ಲೇ ಅಂಗಡಿ ಇಟ್ಟು ಛತ್ರಿ ರಿಪೇರಿ ಮಾಡುತ್ತಿದ್ದರು. ನಾನು ಸಿದ್ದಾಪುರದ ಕಡೆಯಿಂದ ಮದುವೆಯಾಗಿ ಆ ಓಣಿಗೆ ಬಂದ ಸೊಸೆ. ಹಾಗಾಗಿ ನನಗೆ ಅವರು ಮಾವ. ಓಣಿಯವರೆಲ್ಲ ಛತ್ರಿ ಮಾವ ಅನ್ನುತ್ತಿದ್ದರು. ಅಂಗಡಿಯ ಗೋಡೆ ತುಂಬ ಮೊಳೆ, ಮೊಳೆಗೆಲ್ಲ ಹರಿದ ಛತ್ರಿ. ಆದರೆ ನಮ್ಮ ಸೀಮೆಯಲ್ಲಿ ಮಳೆ ಎಷ್ಟು ದಿನ? ಉಳಿದ ದಿನಗಳಲ್ಲಿ ಅವರು ಗಾಳದ ಕೋಲು ಕಟ್ಟುತ್ತಿದ್ದರು.

ಹೊಳೆಗೆ ಅಣೆಕಟ್ಟು ಕಟ್ಟುವ ಕಾಲದಲ್ಲಿ ಯಾರೋ ಎಂಜಿನಿಯರ್ ಸಾಹೇಬರು ಮುರಿದ ವಿಲಾಯತಿ ಕೋಲೊಂದನ್ನು ರಿಪೇರಿಗೆ ತಂದು ಕೊಟ್ಟಿದ್ದರಂತೆ. ಮಾವ ಅದನ್ನು ಪೂರ್ತಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ ಕೊಟ್ಟರಂತೆ. ಅಲ್ಲಿಂದ ಶುರುವಾದ ಹುಚ್ಚು ಅದು. ತಮಾಷೆ ಅಂದರೆ ಅವರದು ಮೀನು ಮುಟ್ಟದ ಮನೆತನ. ಒಂದು ದಿನವೂ ಅವರು ಗಾಳ ಹಾಕಿದವರಲ್ಲ. ಯಾರಾದರೂ ಕೆಣಕಿದರೆ, "ನಾ ಕೋಲು ಕಟ್ಟಾಂವ. ಮೀನಿಂದು ನನಗ ಗೊತ್ತಿಲ್ಲ" ಅಂದು ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದರು.

ಬುಟ್ಟಿ ಹೆಣೆಯುವವರು ಇರಕಲ್ಲಗಡದ ಸಂತೆಗೆ ತರುತ್ತಿದ್ದ ಬಿದಿರನ್ನು ಅವರೇ ಹೋಗಿ ಆರಿಸಿ ತರುತ್ತಿದ್ದರು. ಹೊರೆಗೊಂದು ಸಿಕ್ಕರೆ ಹೆಚ್ಚು. ಗೆಣ್ಣು ಹತ್ತಿರ ಹತ್ತಿರ ಇರಬೇಕು, ತೂತು ಸಣ್ಣದಿರಬೇಕು. ತಂದದ್ದನ್ನು ವರ್ಷವಿಡೀ ಅಡುಗೆಮನೆಯ ಅಟ್ಟದ ಮೇಲೆ ಹೊಗೆಗೆ ಇಡುತ್ತಿದ್ದರು. ದಾರ ಹಾಯುವ ಉಂಗುರಗಳನ್ನು ಛತ್ರಿಯ ತಂತಿಯಿಂದಲೇ ಬಗ್ಗಿಸುತ್ತಿದ್ದರು. ಆ ಉಂಗುರಗಳನ್ನು ಕೋಲಿಗೆ ಬಿಗಿಯಲು ಕುಷ್ಟಗಿ ಕಡೆಯ ನೇಕಾರರ ಮನೆಯಿಂದ ರೇಷ್ಮೆ ದಾರ ಬರುತ್ತಿತ್ತು. ದಾರದ ಮೇಲೆ ಮೂರು ಸಲ ವಾರ್ನಿಷ್.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನನ್ನ ಮದುವೆಯಾಗಿ ಎರಡು ವರ್ಷವಾಗಿತ್ತು. ನಮ್ಮವರು ಒಂದು ಅಕ್ಕಿ ಗಿರಣಿಯಲ್ಲಿ ಮಶೀನು ನೋಡಿಕೊಳ್ಳುತ್ತಿದ್ದರು. ಒಂದು ದಿನ ಮಧ್ಯಾಹ್ನ ಅವರ ಅಂಗಿಯ ತೋಳು ಬೆಲ್ಟಿಗೆ ಸಿಕ್ಕಿತು. ಬಲಗೈ ಮೊಣಕೈ ಕೆಳಗೆ ಹೋಯಿತು. ಜೀವ ಉಳಿಯಿತು ಅಂತ ಎಲ್ಲರೂ ಸಮಾಧಾನ ಹೇಳಿದರು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮನುಷ್ಯ ಮೊದಲಿನವರಾಗಿರಲಿಲ್ಲ. ಐದು ತಿಂಗಳು ಹೊಸ್ತಿಲು ದಾಟಲಿಲ್ಲ. ಯಾರಾದರೂ ಮಾತಾಡಿಸಲು ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಎಡಗೈಲೆ ಉಣ್ಣಲು ಹೇಸುತ್ತಿದ್ದರು. ನಾನು ತುತ್ತು ಮಾಡಿ ಇಟ್ಟರೆ ಅದಕ್ಕೂ ಸಿಟ್ಟು.

ಮದುವೆಗೆ ಮೊದಲಿನಿಂದ ಅವರಿಗೆ ಗಾಳದ ಹುಚ್ಚು ಇತ್ತು. ಮಾವ ಕಟ್ಟಿಕೊಟ್ಟಿದ್ದ ಒಂದು ಕೋಲು ಮನೆಯ ಮೂಲೆಯಲ್ಲಿ ನಿಂತಿರುತ್ತಿತ್ತು. ಒಂದು ಮುಂಜಾನೆ, "ಅದನ್ನ ಮುರದು ಒಲಿಗೆ ಹಾಕು" ಅಂದರು. ನನಗೆ ಮನಸ್ಸಾಗಲಿಲ್ಲ. ತೆಗೆದುಕೊಂಡು ಮಾವನ ಅಂಗಡಿಗೆ ಹೋದೆ.

"ಮಾವಾರ, ಇದನ್ನ ಯಾರಿಗೆರ ಕೊಟ್ಟುಬಿಡ್ರಿ. ಮನ್ಯಾಗ ಇಟ್ರ ಅವರಿಗೆ ಸಂಕಟ ಆಗತೈತಿ" ಅಂದೆ.

ಮಾವ ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು ತುದಿಯ ತನಕ ಸವರಿದರು. ಆಗಲೇ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದರು.

"ಕೈ ಎಷ್ಟು ಉಳದೈತೆವ್ವಾ?"

"ಮೊಣಕೈ ಕೆಳಗ ನಾಕು ಬೆರಳಷ್ಟು."

"ನಾಕು ಬೆರಳು ಭಾಳ ಆತು" ಅಂದರು.

ಅವರು ಹೇಳಿದ ಪ್ರಕಾರ, ನಮ್ಮವರು ಮಧ್ಯಾಹ್ನ ನಿದ್ದೆ ಹೋದಾಗ ಆ ಮೊಂಡು ಕೈಗೆ ದಾರ ಸುತ್ತಿ ಅಳತೆ ತೆಗೆದೆ. ಸುತ್ತಳತೆಗೆ ಒಂದು ಗಂಟು, ಉದ್ದಕ್ಕೆ ಇನ್ನೊಂದು ಗಂಟು. ದಾರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದು ಕೊಟ್ಟೆ. ಹತ್ತು ದಿನಕ್ಕೆ ಹೊಸ ಕೋಲು ತಯಾರಾಯಿತು. ಹಿಡಿಕೆಯ ಹತ್ತಿರ ಮೆತ್ತನೆಯ ಆಡಿನ ಚರ್ಮದ ಒಂದು ಪಟ್ಟಿ ಇತ್ತು. ಮೊಂಡು ಕೈಯನ್ನು ಅದರೊಳಗೆ ತೂರಿಸಿ ಬಿಗಿದರೆ ಕೋಲು ನಿಲ್ಲಬೇಕು, ಗಾಳದ ದಾರ ಸುತ್ತುವ ರೀಲನ್ನು ಎಡಗೈ ತಿರುಗಿಸಬೇಕು. ಹಬ್ಬದ ಸೀರೆ ತಂದಷ್ಟು ಸಂಭ್ರಮದಿಂದ ನಾನು ಅದನ್ನು ಮನೆಗೆ ತಂದೆ.

ನಮ್ಮವರು ಆ ಚರ್ಮದ ಪಟ್ಟಿಯನ್ನು ನೋಡಿದರು. ಏನು ಅಂತ ತಿಳಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ.

"ನಾ ಮಲಗಿದಾಗ ಅಳದೀ ಏನು?" ಅಂದರು.

ಅವರು ಎದ್ದು ಬಂದು ಕೋಲನ್ನು ಎಡಗೈಯಲ್ಲಿ ಹಿಡಿದು, ಹೊಸ್ತಿಲೊಳಗೇ ನಿಂತು ಬಾಗಿಲ ಹೊರಗಿನ ಗೋಡೆಗೆ ಆನಿಸಿ ಇಟ್ಟರು. ಬಾಗಿಲು ಹಾಕಿಕೊಂಡರು. ಅಷ್ಟೇ. ಒಂದು ಮಾತು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಅಳುತ್ತಲೇ ಆ ಕೋಲು ಹಿಡಿದು ಮಾವನ ಅಂಗಡಿಗೆ ಹೋದೆ. ನಡೆದದ್ದು ಕೇಳಿ ಅವರು ಕೋಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಆಮೇಲೆ ಬ್ಲೇಡು ತೆಗೆದುಕೊಂಡು ಉಂಗುರದ ದಾರಗಳನ್ನು ಒಂದೊಂದಾಗಿ ಕೊಯ್ಯತೊಡಗಿದರು.

"ಯಾಕ್ರಿ ಮಾವಾರ, ಇಷ್ಟು ಛಲೋ ಆಗಿತ್ತಲ್ರಿ?"

"ಇದು ಅವಂದಲ್ಲವ್ವಾ. ನಾನು, ನೀನು ಕೂಡಿ ಮಾಡಿದ್ದು. ಗಿರಾಕಿನ್ನ ಕೇಳಲಾರದ ಕೋಲು ಕಟ್ಟಿದೆ. ಇಷ್ಟು ವರ್ಷದಾಗ ಇಂಥಾ ತಪ್ಪು ಮಾಡಿದ್ದಿಲ್ಲ ನಾ."

ಮರುದಿನ ಮುಂಜಾನೆ ಮಾವ ನಾಲ್ಕು ಬಿದಿರು ಹೆಗಲ ಮೇಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ನಮ್ಮವರು ಗೋಡೆ ಕಡೆ ತಿರುಗಿದರು. ಮಾವ ಅವರ ಬೆನ್ನ ಹಿಂದೆಯೇ ಕೂತು, ಏನೂ ಆಗಿಲ್ಲ ಎಂಬಂತೆ ಕೇಳಿದರು: "ತಮ್ಮಾ, ಎಲ್ಲಿ ಕುಂತು ಗಾಳ ಹಾಕಾಂವ ನೀ? ಹೊಳಿಗೋ, ಕಾಲುವಿಗೋ?"

ನಮ್ಮವರು ಗೋಡೆಯ ಕಡೆಗೆ ಇನ್ನಷ್ಟು ಸರಿದರು.

"ಕಾಲುವಿ ಆದ್ರ ಏಳು ಫೂಟು ಸಾಕು. ಹೊಳಿ ಆದ್ರ ಉದ್ದ ಬೇಕು. ಕಟ್ಲಾ ಹಿಡಿತೀಯೋ, ಗೆಂಡಿ ಹಿಡಿತೀಯೋ?"

ಮಾವ ಬೇಸರಿಸಲಿಲ್ಲ. ತಮ್ಮಷ್ಟಕ್ಕೆ ತಾವೇ ಹೇಳುತ್ತ ಹೋದರು. ರೀಲನ್ನು ಹಿಡಿಕೆಯ ಕೆಳತುದಿಗೆ ಕೂರಿಸುತ್ತೇನೆ ಅಂದರು. ಪಟ್ಟಿ ಅದರ ಮೇಲೆ ಬರಲಿ ಅಂದರು. ಅದು ಬೇಕಂತಲೇ ಹೇಳಿದ ತಪ್ಪೋ, ನಿಜವಾದ ತಪ್ಪೋ, ನನಗೆ ಇವತ್ತಿಗೂ ಗೊತ್ತಿಲ್ಲ...

"ಕೆಳಗ ಇಟ್ರ ಎಡಗೈಗೆ ಹೆಂಗ ಸಿಗತೈತಿ ಕಾಕಾ?" ಅಂದರು ನಮ್ಮವರು. ಗೋಡೆ ಕಡೆ ನೋಡುತ್ತಲೇ ಅಂದರು. "ಪಟ್ಟಿ ಕೆಳಗ ಬರಬೇಕು. ರೀಲು ಮ್ಯಾಲ."

"ಎಷ್ಟು ಮ್ಯಾಲ?"

ನಮ್ಮವರು ಎದ್ದು ಕೂತರು. ಐದು ತಿಂಗಳ ಮೇಲೆ, ಮಾತಾಡಿಸಲು ಬಂದವರ ಎದುರಿಗೆ ಮೊದಲ ಸಲ ಎದ್ದು ಕೂತರು. ಅಂಗಿಯ ತೋಳು ಮೇಲೆ ಮಾಡಿ ಮೊಂಡು ಕೈಯನ್ನು ತಾವೇ ಮುಂದೆ ಚಾಚಿದರು. "ಇಲ್ಲಿ. ಅಳದು ನೋಡ್ರಿ" ಅಂದರು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತೆ. ಚಹಾಕ್ಕೆ ನೀರು ಇಟ್ಟದ್ದೂ ಮರೆತಿತ್ತು.

ನಾಲ್ಕು ಬಿದಿರಿನಲ್ಲಿ ಒಂದನ್ನು ಆರಿಸಬೇಕಾಗಿತ್ತು. ಮಾವ ಒಂದೊಂದನ್ನೂ ನೆಲಕ್ಕೆ ಓರೆಯಾಗಿ ಆನಿಸಿ, ನಡುವೆ ಅಂಗೈಯಿಂದ ಒತ್ತಿ ಉರುಳಿಸಲು ಹೇಳಿದರು. ಉರುಳುತ್ತ ಉರುಳುತ್ತ ಒಂದು ಜಾಗದಲ್ಲಿ ಬಿದಿರು ತಾನಾಗಿ ಹೊರಳಿ ನಿಲ್ಲುತ್ತದೆ. "ಬಿದಿರಿಗೂ ಒಂದು ಬೆನ್ನು ಇರತೈತಿ ತಮ್ಮಾ. ಅದನ್ನ ನೋಡಿ ಉಂಗುರ ಕಟ್ಟಬೇಕು. ಇಲ್ಲಂದ್ರ ಮೀನು ಎಳದಾಗ ಕೋಲು ಕೈಯಾಗ ತಿರುಗತೈತಿ" ಅಂದರು. ಎರಡು ಕೈ ಇದ್ದವನು ತಿರುಗಿದ ಕೋಲನ್ನು ಹೇಗೋ ಹಿಡಿದುಕೊಂಡಾನು. ನಮ್ಮವರಿಗೆ ಹಾಗಿರಲಿಲ್ಲ. ಎಡ ಅಂಗೈಯಿಂದ ನಾಲ್ಕನ್ನೂ ಉರುಳಿಸಿ, ಮತ್ತೆ ಉರುಳಿಸಿ, ಮೂರನೆಯದನ್ನು ಆರಿಸಿದರು.

ಆಮೇಲೆ ತೂಕದ ತಕರಾರು. ಕೋಲಿನ ಭಾರ ಮುಂದಕ್ಕೆ ಬಿದ್ದರೆ ಮೊಂಡು ಕೈ ನೋಯುತ್ತಿತ್ತು. ಹಿಡಿಕೆಯ ತುದಿಯಲ್ಲಿ ತೂತು ಮಾಡಿ ಮಾವ ಸೀಸದ ಚೂರು ತುಂಬಿದರು. ಹೆಚ್ಚಾಯಿತು ಅಂದರೆ ತೆಗೆದರು. ಕಡಿಮೆಯಾಯಿತು ಅಂದರೆ ಹಾಕಿದರು. ನಾಲ್ಕು ದಿನ ಇದೇ ನಡೆಯಿತು. ಮೊದಲ ದಿನ ಮಾವ ನಮ್ಮ ಮನೆಗೆ ಬಂದರು. ನಾಲ್ಕನೇ ದಿನ ನಮ್ಮವರೇ ಓಣಿ ದಾಟಿ ಅಂಗಡಿಗೆ ಹೋದರು. ಓಣಿ ಅಂದರೆ ಹನ್ನೆರಡು ಹೆಜ್ಜೆ. ಬಾಗಿಲ ಸಂದಿನಿಂದ ನೋಡುತ್ತ ನಾನು ಹನ್ನೆರಡನ್ನೂ ಎಣಿಸಿದೆ.

ಉಂಗುರಕ್ಕೆ ದಾರ ಸುತ್ತುವ ಕೆಲಸ ನನಗೆ ಬಂತು. "ನನ್ನ ಕಣ್ಣಿಗೆ ಎಳಿ ಕಾಣವಲ್ದವ್ವಾ. ನಿನ್ನ ಬೆರಳು ಸಣ್ಣು ಅದಾವ" ಅಂದು ಮಾವ ಕಲಿಸಿದರು. ಕೋಲನ್ನು ತೊಡೆಯ ಮೇಲೆ ತಿರುಗಿಸುತ್ತ ಹೋಗಬೇಕು. ಎಳೆಯ ಪಕ್ಕ ಎಳೆ ಕೂರಬೇಕು, ಒಂದರ ಮೇಲೊಂದು ಹತ್ತಬಾರದು. ಅದಕ್ಕೆ ಇನ್ನೊಬ್ಬರು ದಾರವನ್ನು ಒಂದೇ ಬಿಗಿಯಲ್ಲಿ ಎಳೆದು ಹಿಡಿಯಬೇಕು. ನಮ್ಮವರು ಎದುರಿಗೆ ಕೂತು ಎಡಗೈಯಲ್ಲಿ ಹಿಡಿದರು. ನಾನು ಕೋಲು ತಿರುಗಿಸುತ್ತ ಹೋದೆ. ಅವರ ಬೆರಳಿಂದ ನನ್ನ ಬೆರಳ ತನಕ ಒಂದು ಹಸಿರು ಎಳೆ. ಅಪಘಾತದ ನಂತರ ನಾವಿಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು. ಅವತ್ತು ಊಟಕ್ಕೆ ಕೂತಾಗ ಅವರು ಎಡಗೈಲೆ ರೊಟ್ಟಿ ಮುರಿದರು.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿದ್ದರು. ತೂಬಿನ ಹತ್ತಿರ ಮಡು ನಿಂತು ಮೀನು ಸೇರಿದ್ದವು. ಮುಂಜಾನೆ ಬಿಸಿಲು ಏರುವ ಮೊದಲೇ ಮೂವರೂ ಹೋದೆವು. ದೂರಕ್ಕೆ ಹೇಮಗುಡ್ಡ ಕಾಣುತ್ತಿತ್ತು. ಮಾವ ಒಂದು ಜಾಲಿ ಗಿಡದ ಕೆಳಗೆ ಮಡುವಿಗೆ ಬೆನ್ನು ಮಾಡಿ ಕೂತರು. ಮೀನು ಒದ್ದಾಡುವುದನ್ನು ಅವರು ನೋಡಲಾರರು. ಮೊದಲ ದಿನ ದಾರವೆಲ್ಲ ಗೋಜಲಾಯಿತು. ಎರಡನೇ ದಿನ ಗಾಳ ನನ್ನ ಸೆರಗಿಗೇ ಸಿಕ್ಕಿತು. ನಮ್ಮವರು ನಕ್ಕರು. ಎಷ್ಟು ದಿನಕ್ಕೆ ಕೇಳಿದ ನಗೆ! ಸೀರೆ ಹರಿದದ್ದಕ್ಕೆ ನನಗೇನೂ ಅನಿಸಲಿಲ್ಲ.

ಮೂರನೇ ದಿನ ಕೋಲು ಬಾಗಿತು. ನಮ್ಮವರು ಮೊಂಡು ಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಎಡಗೈಯಿಂದ ರೀಲು ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಕುತ್ತಿಗೆಯ ನರ ಉಬ್ಬಿತ್ತು. ನಾನು ಹಿಡಿಯಲು ಹೋದೆ, "ಬ್ಯಾಡ" ಅಂದರು. ಕಡೆಗೆ ಮೊಳದುದ್ದದ ಒಂದು ಗೆಂಡೆ ದಂಡೆಗೆ ಬಂತು.

ಮಾವ ತಿರುಗಲಿಲ್ಲ. ಮೀನು ಎಷ್ಟು ದೊಡ್ಡದು ಅಂತಲೂ ಕೇಳಲಿಲ್ಲ. "ಕೋಲು ಎಲ್ಲಿ ಬಾಗಿತು ತಮ್ಮಾ?" ಅಂದರು.

"ಮೂರನೇ ಉಂಗುರದ ಹತ್ರ, ಕಾಕಾ."

"ತಿರುಗಿತೇನು?"

"ಇಲ್ರಿ."

ಮಾವ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡರು. ಬೆವರೋ ಏನೋ...

ಅಲ್ಲಿಂದ ನಮ್ಮವರು ಹೊರಗೆ ಬಿದ್ದರು. ಎಡಗೈಲೆ ಬರೆಯಲು ಕಲಿತು, ಗಿರಣಿಯಲ್ಲಿ ತೂಕದ ಕಾಟಾ ನೋಡುವ ಕೆಲಸಕ್ಕೆ ಸೇರಿದರು. ಆ ಕೋಲಿನ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಯಲಬುರ್ಗಾದಿಂದ ಪೋಲಿಯೊ ಆದ ಮೇಷ್ಟ್ರೊಬ್ಬರು ಬಂದರು, ಕೂತೇ ಗಾಳ ಒಗೆಯುವಂಥದ್ದು ಬೇಕು ಅಂದರು. ಬೆರಳು ಸೆಟೆದ ಹಣ್ಣು ಮುದುಕರೊಬ್ಬರು ಕೊಪ್ಪಳದಿಂದ ಬಂದರು. ಬಂದವರನ್ನೆಲ್ಲ ಮಾವ ಮೊದಲು ಕೂರಿಸಿ ಕೇಳುತ್ತಿದ್ದರು. ಎಷ್ಟೋ ಸಲ ಬರೀ ಕೇಳುವುದಕ್ಕೇ ಒಂದು ದಿನ ಹೋಗುತ್ತಿತ್ತು. ಎಂಟು ವರ್ಷ ಆ ಕೋಲುಗಳಿಗೆಲ್ಲ ದಾರ ಸುತ್ತಿದವಳು ನಾನು.

ಅಷ್ಟರಲ್ಲಿ ಮಾವನ ಕಣ್ಣು ಪೂರ್ತಿ ಮಸುಕಾಯಿತು. ಊರಲ್ಲಿ ಕಣ್ಣಿನ ಶಿಬಿರ ನಡೆದಾಗ, ಕತ್ತರಿಗೆ ಹೆದರಿ ಅವರು ಒಲ್ಲೆ ಅಂದರು. ನಮ್ಮವರು ಅವರ ಎದುರು ಕೂತು, "ಏನು ಹೆದರಿಕಿ ಕಾಕಾ? ಹೇಳ್ರಿ, ಒಂದೊಂದ ಕೇಳ್ತೀನಿ" ಅಂದರು. ಒಂದು ಇಡೀ ಮುಂಜಾನೆ ಕೇಳಿದರು. ಮಧ್ಯಾಹ್ನ ಮಾವ ಅವರ ಎಡಗೈ ಹಿಡಿದುಕೊಂಡು ಶಿಬಿರಕ್ಕೆ ಹೊರಟರು.

ಕಣ್ಣಿನ ಪಟ್ಟಿ ಬಿಚ್ಚಿದ ಕೆಲವು ದಿನಕ್ಕೆ ಮಾವ ಅಂಗಡಿಗೆ ಬಂದು ಒಂದು ಕೋಲನ್ನು ಬೆಳಕಿಗೆ ಹಿಡಿದರು.

"ಇದೇನವ್ವಾ, ತುದಿಗೆ ಕೆಂಪು ದಾರ? ಹಸಿರು ಅಂತ ಹೇಳಿದ್ನಲ್ಲ?"

"ಕೆಂಪು ಚಂದ ಕಾಣತೈತ್ರಿ ಮಾವಾರ" ಅಂದೆ, ತಲೆ ತಗ್ಗಿಸಿ.

"ಎಷ್ಟು ವರ್ಷದಿಂದ ನಡದೈತಿ ಇದು?"

"ಭಾಳ ವರ್ಷ ಆತ್ರಿ."

ಕೋಲನ್ನು ದೂರ ಹಿಡಿದರು, ಹತ್ತಿರ ತಂದರು. "ಚಂದ ಐತಿ" ಅಂದರು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ಮಗಳ ಊರಿಗೆ ಹೋದರು. ಹಬ್ಬ ಮುಗಿಸಿ ಬರುತ್ತೇನೆ ಅಂದಿದ್ದರು. ಬರಲಿಲ್ಲ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿ ಮೂರು ದಿನವಾಗಿತ್ತು. ಅವರ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಧ್ವನಿ ನೆನಪಿದೆ, ಬೆರಳು ನೆನಪಿವೆ. ಮುಖ ಮಾತ್ರ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಜಾರುತ್ತಿದೆ...

ನಮ್ಮವರಿಗೆ ಈಗ ಎಪ್ಪತ್ತು ದಾಟಿದೆ. ಹೋದ ವಾರ ಅದೇ ಕೋಲು ಹಿಡಿದು ಕಾಲುವೆಯ ದಂಡೆಯಲ್ಲಿ ಕೂತಿದ್ದಾಗ ಮೋಟಾರ್ ಸೈಕಲ್ಲಿನ ಮೇಲೆ ಹೊರಟಿದ್ದ ಒಬ್ಬರು ಗಾಡಿ ನಿಲ್ಲಿಸಿ ಬಂದು ನೋಡಿದರು.

"ಇಂಥಾ ಕೋಲು ಎಲ್ಲಿ ಸಿಗತಾವ್ರಿ ಅಜ್ಜಾರ?" ಅಂದರು.

"ಕಟ್ಟಾವ್ರು ಇದ್ರಪಾ. ಈಗಿಲ್ಲ" ಅಂದರು ನಮ್ಮವರು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟು, "ಕುಂದ್ರು. ಯಾರಿಗೆ ಬೇಕಾಗಿತ್ತು ಕೋಲು, ಹೇಳು" ಅಂದರು.